ಅವಳಿಗೆ ನಾವು ಕಲಿಸಿದ ಕನ್ನಡ

ಮಂಡ್ಯದ ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಈಚೆಗೆ ಒಂದು ತಳ್ಳುಗಾಡಿ ನಿಲ್ಲುತ್ತಿದೆ. ಕಟ್ಟಡ ಕೆಲಸಕ್ಕೆ ಬಂದ ಬಿಹಾರ, ಒರಿಸ್ಸಾ ಕಡೆಯ ಹುಡುಗರು ಅಲ್ಲಿ ನಿಂತು ಉಣ್ಣುತ್ತಾರೆ. ಹೋದ ವಾರ ಹೆಂಡತಿಯ ಮಾತ್ರೆ ತರಲು ಹೋದಾಗ ಆ ಗಾಡಿಯ ಬಾಣಲೆಯಿಂದ ಸಾಸಿವೆ ಎಣ್ಣೆ ಕಾದ ಘಾಟು ಬಂದು ಮೂಗಿಗೆ ಬಡಿಯಿತು. ಅಕ್ಕಪಕ್ಕ ನಡೆಯುತ್ತಿದ್ದವರು ಸೆರಗು, ಕರ್ಚೀಫು ಅಡ್ಡ ಹಿಡಿದು ದಾಟಿಕೊಂಡರು. ನಾನು ಅಲ್ಲೇ ನಿಂತುಬಿಟ್ಟೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯ ಜಡೆಯಿಂದ ಬರುತ್ತಿದ್ದದ್ದು ಇದೇ ವಾಸನೆ. ಅದು ಯಾವಾಗ ಹೋಯಿತು ಎಂದು ನೆನಪು ಮಾಡಿಕೊಳ್ಳುತ್ತ ನಿಂತವನಿಗೆ ಆ ಒಂದು ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂತು.

ನಮ್ಮದು ಮಳವಳ್ಳಿ ತಾಲ್ಲೂಕು, ಬೆಳಕವಾಡಿಯಿಂದ ಒಳಗೆ ಹೋಗಬೇಕಾದ ಹಳ್ಳಿ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವುದು ನಮ್ಮ ಬದುಕು. ನಾನು ಮಳವಳ್ಳಿಯಲ್ಲಿ ಬಿ.ಎ. ಮುಗಿಸಿ, ಅಪ್ಪ ತೀರಿಕೊಂಡ ಮೇಲೆ ಅಮ್ಮನ ಜೊತೆ ಹುಳುಮನೆಗೆ ಬಂದವನು. ಸಂಪಾದನೆಗೆ ಕೊರತೆ ಇರಲಿಲ್ಲ. ಆದರೆ ಹೆಣ್ಣು ಕೇಳಲು ಹೋದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ: "ಉಡ್ಗ ಏನ್ ಕೆಲ್ಸದಲ್ಲವ್ನೆ?" ಉಳ ಸಾಕ್ತಾನೆ ಅಂದರೆ ಕಾಫಿ ಕೊಟ್ಟು ಕಳಿಸುತ್ತಿದ್ದರು. ಹೀಗೆ ಕಾಫಿ ಕುಡಿದು ಕುಡಿದೇ ನನಗೆ ನಲವತ್ತು ಹತ್ತಿರವಾಯಿತು. ನಮ್ಮ ಕಡೆ ಅಂಥ ಗಂಡುಗಳು ಒಬ್ಬರಲ್ಲ, ಬೀದಿಗೆ ನಾಲ್ಕೈದು ಜನ ಇದ್ದೇವೆ.

ಕೊನೆಗೆ ಕೊಳ್ಳೇಗಾಲದ ಕಡೆಯವನೊಬ್ಬ ಬಂದ. ಕಲ್ಲಿನ ಕೆಲಸಕ್ಕೆಂದು ಒರಿಸ್ಸಾದಲ್ಲಿ ವರ್ಷಗಟ್ಟಲೆ ಇದ್ದವನು. ಅಲ್ಲೊಂದು ಒಳ್ಳೆಯ ಮನೆತನ ಇದೆ, ಹುಡುಗಿಗೆ ತಂದೆ ಇಲ್ಲ, ಅಣ್ಣ ಕೊಡಲು ತಯಾರಿದ್ದಾನೆ ಅಂದ. ನಾನೂ ಅಮ್ಮನೂ ಹೋದೆವು. ಹುಡುಗಿಯ ಹೆಸರು ಝರಣಾ. ಬಾಗಿಲ ಮರೆಯಲ್ಲಿ ನಿಂತಿದ್ದಳು. "ಅವಳಿಗೆ ಒಪ್ಪಿಗೆ ಇದ್ಯಾ, ಸರಿಯಾಗಿ ಕೇಳು" ಅಂತ ಕೊಳ್ಳೇಗಾಲದವನಿಗೆ ಎರಡು ಸಲ ಹೇಳಿದೆ. ಅವನು ಏನೋ ಕೇಳಿದ. ಅವಳು ತಲೆಯಾಡಿಸಿದಳು. ಅವನು ಕೇಳಿದ್ದೇನು, ಅವಳು ತಲೆಯಾಡಿಸಿದ್ದು ಯಾವುದಕ್ಕೆ ಎಂಬುದು ನನಗೆ ಇವತ್ತಿಗೂ ತಿಳಿಯದು. ಅಲ್ಲೇ ಗುಡಿಯಲ್ಲಿ ಮದುವೆ ಮಾಡಿಕೊಂಡು ಬಂದೆವು.

ಅಮ್ಮನ ಬಾಯಿಗೆ ಝರಣಾ ಅನ್ನುವುದು ತಿರುಗಲಿಲ್ಲ. ಒಂದೆರಡು ದಿನ ಒದ್ದಾಡಿ, ಕೊನೆಗೆ "ಜಾಣಿ" ಅಂತ ಕರೆಯತೊಡಗಿದಳು. ಊರಿಗೂ ಅದೇ ಹೆಸರಾಯಿತು.

ಅವಳು ಜಾಣೆಯೇ ಆಗಿದ್ದಳು. ಮೊದಲ ವರ್ಷ ಅವಳ ಕಲಿಕೆ ನೋಡಿ ನಾವೇ ಬೆರಗಾದೆವು. ಬಲಗೈಯಲ್ಲಿ ಮುದ್ದೆ ಮುರಿದು ನುಂಗುವುದನ್ನು ಬೇಗ ಕಲಿತಳು. ಹುಳುವಿನ ಕೆಲಸವನ್ನು ಇನ್ನೂ ಬೇಗ. ಹುಳು ಪೊರೆ ಕಳಚುವ ಮುಂಚೆ ತಿನ್ನುವುದು ಬಿಟ್ಟು ತಲೆಯೆತ್ತಿ ಕೂರುತ್ತದಲ್ಲ, ಅದಕ್ಕೆ ನಾವು ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಅಮ್ಮ ಮೊದಲ ಸಲ "ಜ್ವರ ಕಣವ್ವ, ಸೊಪ್ಪು ಆಕ್ಬೇಡ" ಅಂದಾಗ, ಅವಳು ಒಂದು ಹುಳುವಿನ ಮೇಲೆ ಬೆರಳಿಟ್ಟು ನೋಡಿ, ನನ್ನ ಕಡೆ ತಿರುಗಿ, "ಜ್ವರ ಇಲ್ಲ" ಅಂದಳು. ಅಮ್ಮ ಬಹಳ ದಿನ ಅದನ್ನು ಹೇಳಿಕೊಂಡು ನಕ್ಕಳು. ಕನ್ನಡವನ್ನು ಅವಳು ಕಲಿತದ್ದು ಅಮ್ಮನ ಬಾಯಿಂದ. ಅಮ್ಮ ನನ್ನನ್ನು ಕರೆಯುವ ಹಾಗೆಯೇ ಒಂದು ದಿನ ಬೀದಿಯಲ್ಲಿ ಎಲ್ಲರ ಎದುರಿಗೆ, "ನಾಗ, ಉಣ್ಣಾಕೆ ಬಾಲಾ" ಅಂತ ಕೂಗಿದಳು. ಜಗುಲಿ ಮೇಲಿದ್ದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡರು. ಅವಳು ಏನು ತಪ್ಪಾಯಿತೋ ಅಂತ ಹೆದರಿ ಒಳಗೆ ಓಡಿದಳು. ಆ ಸಂಜೆ ಅವಳು ಊಟ ಮಾಡಲಿಲ್ಲ.

ಸಾಸಿವೆ ಎಣ್ಣೆಯ ಸೀಸೆಯೊಂದನ್ನು ಅವಳು ತವರಿನಿಂದ ತಂದಿದ್ದಳು. ತಲೆಗೂ ಅದೇ, ಕೈಕಾಲಿಗೂ ಅದೇ, ಒಮ್ಮೊಮ್ಮೆ ಆಲೂಗಡ್ಡೆ ಕಿವುಚಿ ಅದನ್ನೇ ಬಿಟ್ಟುಕೊಂಡು ತಿನ್ನುತ್ತಿದ್ದಳು. ಹುಳು ಸಾಕುವ ಮನೆಯಲ್ಲಿ ಘಾಟು ವಾಸನೆ ಯಾವುದೂ ಕೂಡದು. ಬೀಡಿಯಾಗಲಿ ಊದುಬತ್ತಿಯಾಗಲಿ ಒಳಗೆ ಬರುವಂತಿಲ್ಲ. "ಈ ವಾಸ್ನೆಗೆ ಉಳ ಸೊಪ್ಪು ಮುಟ್ಟಾಕಿಲ್ಲ ಕಣವ್ವ, ಆಚೆ ಮಡಗು" ಅಂದಳು ಅಮ್ಮ, ಬೈಗುಳವೇನಲ್ಲ, ಇರುವ ವಿಷಯ. ಸೀಸೆ ಕೊಟ್ಟಿಗೆಯ ಗೂಡಿಗೆ ಹೋಯಿತು. ಅವಳೂ ಎದುರಾಡಲಿಲ್ಲ. ಆಮೇಲಿಂದ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳತೊಡಗಿದಳು.

ಎರಡನೆಯ ವರ್ಷದ ಮಳೆಗಾಲ ಬಂತು. ಆ ಸಲ ಹಿಡಿದ ಮಳೆ ಬಿಡಲೇ ಇಲ್ಲ. ಬಿಸಿಲು ಅಂತ ಕಂಡದ್ದು ಅಪರೂಪ. ನೆಂದ ಸೊಪ್ಪನ್ನು ಹುಳುವಿಗೆ ಹಾಕುವಂತಿಲ್ಲವಾದ್ದರಿಂದ ಕಡ್ಡಿ ಕತ್ತರಿಸಿ ತಂದು ಪಡಸಾಲೆಯ ತುಂಬ ಹರಡಿ, ಫ್ಯಾನು ಹಾಕಿ ಆರಿಸುತ್ತಿದ್ದೆವು. ಕರೆಂಟು ಹೋದರೆ ಮೂವರೂ ಮೊರ ಹಿಡಿದು ಬೀಸುತ್ತಿದ್ದೆವು. ಹುಳು ದೊಡ್ಡ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಭರ್ತಿ ತಿನ್ನುವ ಹೊತ್ತು. ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು, ಹೊರಗೆ ಮಾಡಿನ ಮೇಲೆ ಮಳೆ ಸದ್ದು, ಎರಡೂ ಒಂದೇ ಆಗಿ ಕೇಳಿಸುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಝರಣಾ ಸೊಪ್ಪಿನ ಕಂತೆ ಎತ್ತಿಕೊಂಡು ಹುಳುಮನೆಗೆ ಹೋದವಳು ಅಲ್ಲೇ ನಿಂತಳು. ಕಂತೆ ಕೈಯಿಂದ ಜಾರಿತು. ನಾನು ನೋಡುವಷ್ಟರಲ್ಲಿ ನೆಲಕ್ಕೆ ಕೂತು, ಎದೆಯ ಮೇಲೆ ಎರಡೂ ಕೈ ಒತ್ತಿ, ನೀರಿನಿಂದ ಈಚೆಗೆ ಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದಳು. ಮುಖದಲ್ಲಿ ಬೆವರು, ಕೈಕಾಲು ತಣ್ಣಗೆ.

"ಸತ್ತೋಯ್ತೀನಿ" ಅಂದಳು. "ಸತ್ತೋಯ್ತೀನಿ, ಸತ್ತೋಯ್ತೀನಿ."

ಪಕ್ಕದ ಮನೆಯವರ ಕಾರಿನಲ್ಲಿ ಮಳವಳ್ಳಿಗೆ ಕರೆದುಕೊಂಡು ಓಡಿದೆವು. ಇಸಿಜಿ ತೆಗೆದರು, ರಕ್ತ ನೋಡಿದರು. ಎಲ್ಲ ಸರಿ ಇದೆ, ಗ್ಯಾಸ್ಟ್ರಿಕ್ ಇರಬಹುದು ಅಂದರು. ಅಷ್ಟು ಹೊತ್ತಿಗೆ ಅವಳ ಉಸಿರೂ ಸರಿಹೋಗಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದಳು. ವಾರ ಕಳೆಯುವುದರೊಳಗೆ ಮತ್ತೆ ಬಂತು. ಆಮೇಲೆ ಇಂಥ ಹೊತ್ತು ಅಂತಿಲ್ಲದೆ ಬರತೊಡಗಿತು, ನೀರು ಸೇದುವಾಗ, ಬಸ್ಸಿನಲ್ಲಿ, ತಲೆ ಬಾಚಿಕೊಳ್ಳುತ್ತ ಸುಮ್ಮನೆ ಕೂತಾಗ. ಬರದೆ ಇದ್ದ ಹೊತ್ತಿನಲ್ಲೂ ಬಂದೀತು ಎಂಬ ಹೆದರಿಕೆ. ಅವಳು ಒಬ್ಬಳೇ ಬಚ್ಚಲಿಗೂ ಹೋಗುತ್ತಿರಲಿಲ್ಲ. ಅಮ್ಮ ಬಾಗಿಲ ಹೊರಗೆ ಕೂತು ಮಾತಾಡುತ್ತಿರಬೇಕಿತ್ತು.

ಊರು ತನ್ನ ಮಾತು ಶುರು ಮಾಡಿತು. ಗಾಳಿ ಸೋಕಿದೆ ಅಂತ ಕೆಲವರು. ಅಮ್ಮ ಒಬ್ಬ ಅಯ್ಯನ ಹತ್ತಿರ ಕರೆದೊಯ್ದು ಸೊಂಟಕ್ಕೆ ಯಂತ್ರ ಕಟ್ಟಿಸಿಕೊಂಡು ಬಂದಳು. ಉಳಿದವರದು ಬೇರೆ ಅನುಮಾನ. ನಮ್ಮ ಪಕ್ಕದ ಊರಿಗೆ ಹೀಗೇ ದೂರದಿಂದ ತಂದುಕೊಂಡ ಹೆಣ್ಣೊಂದು ಒಂದು ದಿನ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿತ್ತು. ನಮ್ಮ ದೊಡ್ಡಪ್ಪನ ಮಗ ರಾಜಣ್ಣ ಜಗುಲಿಗೆ ಕರೆದು ಹೇಳಿದ: "ಲೇ ನಾಗ, ಇದೆಲ್ಲಾ ನಾಟ್ಕ ಕಣ್ಲಾ. ಊರ್ಗೋಗಾಕೆ ದಾರಿ ನೋಡ್ತಾವ್ಳೆ. ಒಬ್ಳನ್ನೇ ಎಲ್ಲೂ ಬುಡಬ್ಯಾಡ."

"ಅವ್ಳು ಬಚ್ಲುಮನೆಗೇ ಒಬ್ಳೇ ಓಗಾಕಿಲ್ಲ ಕಣಣ್ಣ, ಊರ್ಗೆ ಎಂಗೋದಾಳು" ಅಂದೆ. ಅಂದೆನಾದರೂ ಆಮೇಲೆ ನಾನು ಅವಳನ್ನು ನೋಡುವ ರೀತಿ ಬದಲಾಯಿತು. ಸಂತೆಗೆ ಹೋದರೆ ಜೊತೆಗೇ ಹೋಗುತ್ತಿದ್ದೆ. ಅವಳಣ್ಣನ ಫೋನು ಬಂದಾಗ ಹತ್ತಿರ ನಿಲ್ಲುತ್ತಿದ್ದೆ, ಅವರ ಮಾತಿನಲ್ಲಿ ಒಂದಕ್ಷರ ತಿಳಿಯದಿದ್ದರೂ.

ಮಳೆಯ ತಂಪಿಗೆ ಆ ಸಲದ ಹುಳುವಿಗೆ ಹಾಲುರೋಗ ಬಂತು. ಹಣ್ಣಾಗಿ ಗೂಡು ಕಟ್ಟಲು ಇನ್ನೇನು ಬಿದಿರಿನ ಚಂದ್ರಂಕಿ ತಟ್ಟೆಗೆ ಬಿಡಬೇಕು, ಅಷ್ಟರಲ್ಲಿ ಹುಳು ಊದಿಕೊಂಡು, ಮುಟ್ಟಿದರೆ ಒಡೆದು ಬಿಳಿ ನೀರಾಗತೊಡಗಿದವು. ಎಲ್ಲವನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದೆವು. ನೋಡಲು ಬಂದ ಹೆಂಗಸೊಬ್ಬಳು, "ಮನೇಲಿ ಕಾಯ್ಲೆಯೋಳ್ನ ಮಡಿಕೊಂಡು ಉಳದ ಮನೆಗೆ ಬುಟ್ರೆ ಇನ್ನೇನಾಯ್ತದೆ" ಅಂದಳು. ಅಮ್ಮ ಅವಳ ಮೇಲೆ ಹರಿಹಾಯ್ದಳು. "ಊರ್ಗೆಲ್ಲಾ ಬಂದದೆ ಈ ರೋಗ. ನಿನ್ ಮನೆ ಉಳನೂ ಸತ್ವಲ್ಲ, ಅಲ್ಲೂ ನನ್ ಸೊಸೆ ಬಂದಿದ್ಳಾ?" ಅಂದಳು. ಆದರೆ ಮುಂದಿನ ಬೆಳೆಗೆ ಹುಳುವಿನ ಮೊಟ್ಟೆ ತಂದಾಗ ಅದೇ ಅಮ್ಮ ಝರಣಾಳ ಕೈಯಿಂದ ಸೊಪ್ಪಿನ ಬುಟ್ಟಿ ಇಸಿದುಕೊಂಡು, "ನೀನು ಒಳ್ಗೆ ಬರ್ಬೇಡ ಕಣವ್ವ, ವಸಿ ದಿನ ಸುದಾರಿಸ್ಕೊ" ಅಂದಳು. ಆ ಮನೆಯಲ್ಲಿ ಅವಳು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಅದೊಂದೇ. ಅವಳು ಹುಳುಮನೆಯ ಹೊರಗಿನ ಕಲ್ಲಿನ ಮೇಲೆ ಕೂತು ಒಳಗಿನ ಸದ್ದು ಕೇಳುತ್ತಿದ್ದಳು.

ಮಂಡ್ಯದಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಿದ್ದಾರೆ, ಅಲ್ಲಿಗೆ ಹೋಗಿ ಅಂತ ಹೇಳಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ. ಊರಿನಲ್ಲಿ ಯಾರಿಗೂ ಹೇಳದೆ ಹೋದೆವು. ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದವರು. ನನ್ನನ್ನು ಸುಮ್ಮನಿರಲು ಹೇಳಿ ಅವಳನ್ನೇ ಕೇಳಿದರು: "ಏನಮ್ಮ ಆಗುತ್ತೆ ನಿಮಗೆ?"

"ಎದೆ ಒಡ್ಕತದೆ."

"ಅದು ಶುರುವಾಗೋ ಮುಂಚೆ ಮನಸ್ಸಿಗೆ ಏನನ್ನಿಸುತ್ತೆ?"

ಝರಣಾ ಬಾಯಿ ತೆರೆದಳು. ಮುಚ್ಚಿದಳು. ಕೈಯನ್ನು ಗಾಳಿಯಲ್ಲಿ ಆಡಿಸಿದಳು. "ಅದು... ಇಂಗೆ... ಬತ್ತದೆ" ಅಂದಳು. ನನ್ನ ಕಡೆ ತಿರುಗಿದಳು, ನಾನು ಮುಂದಿನ ಮಾತು ಹೇಳಿಕೊಡುತ್ತೇನೆ ಎನ್ನುವ ಹಾಗೆ. ಆಗ ನನಗೆ ತಿಳಿಯಿತು. ಸೊಪ್ಪು ತತ್ತಾ, ಕಸ ಗುಡ್ಸು, ಅಸ ಕಟ್ಟು, ಉಣ್ಣಾಕಿಕ್ಕು, ಇವನ್ನೆಲ್ಲ ಅವಳಿಗೆ ನಾವು ಕಲಿಸಿದ್ದೆವು. ಒಳಗಿನದನ್ನು ಹೇಳಿಕೊಳ್ಳುವುದಕ್ಕೆ ಒಂದು ಮಾತನ್ನೂ ಕಲಿಸಿರಲಿಲ್ಲ. ಅವಳ ಜೊತೆ ಹಾಗೆ ಯಾರೂ ಮಾತಾಡಿರಲೇ ಇಲ್ಲ.

"ಇವರ ಭಾಷೆ ಬರುವವರು ಯಾರನ್ನಾದರೂ ಕರೆದುಕೊಂಡು ಬನ್ನಿ" ಅಂದರು ಡಾಕ್ಟರು. "ಹೆಂಗಸಾದರೆ ಒಳ್ಳೆಯದು."

ಮದ್ದೂರಿನ ಕಡೆ ಬಟ್ಟೆ ಹೊಲಿಯುವ ಫ್ಯಾಕ್ಟರಿಗಳಲ್ಲಿ ಒರಿಸ್ಸಾದ ಹುಡುಗಿಯರಿದ್ದಾರೆ ಅಂತ ಕೇಳಿದ್ದೆ. ಹುಡುಕಿಕೊಂಡು ಹೋದೆ. ಅವರಿರುವ ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ಒಳಗೆ ಬಿಡಲಿಲ್ಲ. ಎದುರಿನ ಅಂಗಡಿಯಲ್ಲಿ ಸೋಪು ಕೊಳ್ಳಲು ಬಂದ ಹುಡುಗಿಯೊಬ್ಬಳು ನನ್ನ ಮಾತು ಕೇಳಿಸಿಕೊಂಡು ನಿಂತಳು. ಸಬಿತಾ ಅಂತ. ಕನ್ನಡ ಸಲೀಸಾಗಿ ಆಡುತ್ತಿದ್ದಳು. "ನಮ್ಮ ಕಡೆಯವಳಾ? ಬರ್ತೀನಿ ಅಣ್ಣ. ರಜಾ ಕೇಳ್ತೀನಿ" ಅಂದಳು. ಕೇಳಿದ್ದಕ್ಕೆ ಹೀಗೆ ಒಪ್ಪಿದವರು ಆ ವರ್ಷದಲ್ಲಿ ಅವಳೊಬ್ಬಳೇ.

ಡಾಕ್ಟರ ಕೋಣೆಯಲ್ಲಿ ಸಬಿತಾ ಪಕ್ಕದಲ್ಲಿ ಕೂತು ಮೊದಲ ಮಾತು ಕೇಳಿದ ಕೂಡಲೇ ಝರಣಾ ಅವಳ ಕೈ ಹಿಡಿದುಕೊಂಡಳು. ಆಮೇಲೆ ಮಾತು ಶುರುವಾಯಿತು. ನನ್ನ ಹೆಂಡತಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ದನಿ ಏರುತ್ತಿತ್ತು, ಇಳಿಯುತ್ತಿತ್ತು, ಒಂದೆಡೆ ನಕ್ಕಳು ಕೂಡ. ಬೇರೆ ಯಾರೋ ಹೆಂಗಸು ಕೂತ ಹಾಗಿತ್ತು. ಸಬಿತಾ ನಡುವೆ ಡಾಕ್ಟರಿಗೆ ಏನೂ ಹೇಳದೆ ಸುಮ್ಮನೆ ಕೇಳುತ್ತ ಹೋದಳು. ಅವಳ ಕಣ್ಣು ತುಂಬಿಕೊಂಡಿತು.

"ಏನಂದರು ಹೇಳಮ್ಮ" ಅಂದರು ಡಾಕ್ಟರು.

"ಯಾರೂ ಕೆಟ್ಟವರಲ್ಲ ಅಂತಾಳೆ ಮೇಡಂ. ಗಂಡ ಹೊಡೆಯಲ್ಲ, ಅತ್ತೆ ಊಟ ಹಾಕ್ತಾರೆ. ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಎಲ್ಲಿದೀನಿ ಅಂತ ಗೊತ್ತಾಗಲ್ವಂತೆ. ಆಮೇಲೆ ಗೊತ್ತಾಗ್ತದಂತೆ. ಗೊತ್ತಾದ ತಕ್ಷಣ ಎದೆ ಹೊಡ್ಕೊಳ್ಳೋಕೆ ಶುರು." ಸಬಿತಾ ಮೂಗು ಒರೆಸಿಕೊಂಡಳು. "ಇನ್ನೊಂದು ಹೇಳಿದ್ಳು. ನಮ್ಮ ಕಡೆ ಯಾರಾದ್ರೂ ಸತ್ರೆ ಹೆಂಗಸರು ಸುತ್ತ ಕೂತು, ಅವರು ಚಿಕ್ಕವರಿದ್ದಾಗ ಹಿಂಗಿದ್ರು, ಹಂಗೆ ಮಾಡಿದ್ರು ಅಂತ ಹೇಳ್ಕೊಂಡು ಅಳ್ತಾರೆ ಮೇಡಂ. ನಾನು ಇಲ್ಲಿ ಸತ್ರೆ ಏನು ಹೇಳ್ಕೊಂಡು ಅಳ್ತಾರೆ, ನನ್ನ ಬಗ್ಗೆ ಇಲ್ಲಿ ಯಾರಿಗೆ ಏನು ಗೊತ್ತು, ಅಂತ ಕೇಳ್ತಾಳೆ."

ನಮ್ಮ ಕಡೆಯೂ ಹೆಂಗಸರು ಹಾಗೆಯೇ ಅಳುತ್ತಾರೆ. ಅಪ್ಪ ಸತ್ತಾಗ ಅಮ್ಮ ಅವನ ಬದುಕನ್ನೆಲ್ಲ ಹೇಳಿಕೊಂಡು ಅತ್ತಿದ್ದಳು. ಝರಣಾ ಚಿಕ್ಕವಳಿದ್ದಾಗ ಹೇಗಿದ್ದಳು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಡಾಕ್ಟರು ಚೀಟಿ ಬರೆಯತೊಡಗಿದಾಗ ಸಬಿತಾ ಮೆಲ್ಲಗೆ ಅಂದಳು: "ಮೇಡಂ, ನಂಗೂ ಹಿಂಗೇ ಆಗ್ತದೆ. ಮಿಷನ್ ಮುಂದೆ ಕೂತಾಗ. ಸೂಪರ್‌ವೈಸರ್‌ಗೆ ಗೊತ್ತಾದ್ರೆ ಕಳಿಸ್ಬಿಡ್ತಾರೆ ಅಂತ ಟಾಯ್ಲೆಟ್ಟಿಗೆ ಹೋಗಿ ಕೂತ್ಕೋತೀನಿ."

ಡಾಕ್ಟರು ಪೆನ್ನು ನಿಲ್ಲಿಸಿ ಅವಳನ್ನು ನೋಡಿದರು. ಆ ದಿನ ಎರಡು ಚೀಟಿ ಬರೆದರು. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನಡುವೆ ಬಿಡಬಾರದು ಅಂದರು. ನನಗೆ ಬೇರೆಯಾಗಿ, "ಒಂದು ಸಲ ಅವರಮ್ಮನ ಮನೆಗೆ ಕರೆದುಕೊಂಡು ಹೋಗಿ ಬನ್ನಿ" ಅಂದರು. ಸಬಿತಾ ಇನ್ನೊಂದು ಸಲ ಬಂದಳು. ಮೂರನೇ ಸಲ ಫೋನು ಮಾಡಿದಾಗ ನಂಬರು ಹೋಗಲಿಲ್ಲ. ಹಾಸ್ಟೆಲಿನ ಹತ್ತಿರ ಹೋಗಿ ಕೇಳಿದರೆ, ಅವಳು ಇಲ್ಲ, ಹೋದಳು ಅಂದರು. ಎಲ್ಲಿಗೆ ಅಂತ ಅವರಿಗೆ ಗೊತ್ತಿರಲಿಲ್ಲ.

ಮಾತ್ರೆಯಿಂದ ಝರಣಾಳಿಗೆ ನಿದ್ದೆ ಹತ್ತಿತು. ಉಸಿರು ಕಟ್ಟುವುದು ಕಡಿಮೆಯಾಯಿತು, ಆದರೆ ನಗುವುದೂ ಕಡಿಮೆಯಾಯಿತು. ಕೂಗಿದರೆ ಎರಡನೇ ಕೂಗಿಗೆ ತಿರುಗುತ್ತಿದ್ದಳು. ದಸರಾ ಕಳೆದ ಮೇಲೆ, ಮಳೆ ನಿಂತ ಮೇಲೆ, "ನಿಮ್ಮೂರ್ಗೆ ಓಗಾನ" ಅಂದಾಗ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಂತೆ ಕಾಣಲಿಲ್ಲ. ರಾಜಣ್ಣ, "ಅಲ್ಲೇ ಬುಟ್ಬುಟ್ಟು ಬತ್ತೀಯ ನೋಡು" ಅಂದ. ಅವಳು ಅಲ್ಲೇ ಉಳಿಯುತ್ತೇನೆ ಅಂದರೆ ಉಳಿಯಲಿ, ಗುಣವಾದರೆ ಸಾಕು ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ರೈಲು ಹತ್ತಿದ್ದೆ.

ರೈಲು, ಬಸ್ಸು, ಆಮೇಲೆ ಶೇರ್ ಆಟೋ. ಅವರಮ್ಮ ಬಾಗಿಲಲ್ಲೇ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ಮೊದಲ ದಿನ ಬೀದಿಯ ಹೆಂಗಸರೆಲ್ಲ ಬಂದರು. ಝರಣಾ ಬಾಯಿ ಮುಚ್ಚಲಿಲ್ಲ. ನಾನು ಚಾಪೆಯ ಮೇಲೆ ಮೂಗನ ಹಾಗೆ ಕೂತಿದ್ದೆ. ಅವರು ನಕ್ಕಾಗೆಲ್ಲ ನನ್ನನ್ನೇ ನೋಡಿ ನಗುತ್ತಿದ್ದಾರೇನೋ ಅನ್ನಿಸುತ್ತಿತ್ತು. ನೀರು ಬೇಕೆಂದು ಕೈಸನ್ನೆ ಮಾಡಿದರೆ ಊಟ ತಂದಿಟ್ಟರು. ಒಂದೇ ದಿನಕ್ಕೆ ನನ್ನ ಜೀವ ಸಾಕಾಗಿಹೋಯಿತು. ಇವಳು ಇದರಲ್ಲಿ ಎರಡು ವರ್ಷ ಇದ್ದಳಲ್ಲ ಅಂದುಕೊಂಡೆ.

ಎರಡನೇ ದಿನ ಹೆಂಗಸರು ಬರುವುದು ಕಡಿಮೆಯಾಯಿತು. ಅಣ್ಣನಿಗೆ ಮದುವೆಯಾಗಿತ್ತು. ಮೊದಲು ಝರಣಾ ಮಲಗುತ್ತಿದ್ದ ಮೂಲೆಯಲ್ಲಿ ಅತ್ತಿಗೆಯ ಬೀರು ನಿಂತಿತ್ತು. ಒಲೆಯ ಹತ್ತಿರ ಹೋದರೆ ಅತ್ತಿಗೆ ನಗುನಗುತ್ತಲೇ ಅವಳ ಕೈಯಿಂದ ಸೌಟು ತೆಗೆದುಕೊಂಡಳು. ಮಾತಿನ ನಡುವೆ ಝರಣಾಳ ಬಾಯಿಂದ ಕನ್ನಡದ ಮಾತು ಜಾರಿ ಬಿದ್ದರೆ ಬೀದಿಯ ಮಕ್ಕಳು ಅದನ್ನೇ ಅಣಕಿಸಿ ಓಡುತ್ತಿದ್ದವು. ಅವಳೂ ನಕ್ಕಳು. ಆಮೇಲೆ ನಗಲಿಲ್ಲ.

ಮೂರನೆಯ ದಿನ ಊಟ ಮಾಡುತ್ತಿದ್ದಾಗ ಅವಳ ಕೈ ತಟ್ಟೆಯ ಮೇಲೆ ನಿಂತಿತು. ನನಗೆ ಗುರುತು ಸಿಕ್ಕಿತು. ಅದೇ ಬೆವರು, ಅದೇ ಬಾಯಿ ಬಿಡುವುದು. ತವರಿನ ನೆಲದ ಮೇಲೆ, ಹೆತ್ತ ತಾಯಿಯ ಪಕ್ಕದಲ್ಲಿ ಕೂತು ಅವಳು ನನ್ನ ಅಂಗಿಯನ್ನು ಹಿಡಿದುಕೊಂಡಳು.

"ಮನೆಗೆ ಓಗಾನ" ಅಂದಳು. ಕನ್ನಡದಲ್ಲಿ.

"ಯಾವ ಮನೆಗೆ?" ಅಂದೆ. ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

ಅವಳು ಗೋಡೆ ನೋಡಿದಳು, ಅವರಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಅವರಮ್ಮ ಗಾಬರಿಯಿಂದ ನನ್ನನ್ನು ಏನೋ ಕೇಳಿದರು. ಮಗಳು ಏನಂದಳು ಅಂತ ಇರಬೇಕು. ಹೇಳಲು ನನಗೆ ಅವರ ಮಾತು ಬರುತ್ತಿರಲಿಲ್ಲ. ಬಂದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಅವಳು ನನ್ನ ಜೊತೆಯೇ ವಾಪಸ್ಸು ಬಂದಳು. ಆಮೇಲೆ ತವರಿಗೆ ಹೋಗುತ್ತೇನೆ ಅಂತ ಕೇಳಿಲ್ಲ. ಅಣ್ಣನ ಫೋನು ಬಂದರೆ ನಾಲ್ಕು ಮಾತಾಡಿ ಇಡುತ್ತಾಳೆ. ಅಮ್ಮ ಮತ್ತೆ ಹುಳುಮನೆಗೆ ಸೇರಿಸಿಕೊಂಡಿದ್ದಾಳೆ. ಈಗ ಅವಳ ಕನ್ನಡ ಕೇಳಿದವರು ಹೊರಗಿನವಳು ಅನ್ನುವುದಿಲ್ಲ. ನೀನು ಚಿಕ್ಕವಳಿದ್ದಾಗ ಹೇಗಿದ್ದೆ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. "ನೆಪ್ಪಿಲ್ಲ" ಅನ್ನುತ್ತಾಳೆ. ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸಲು ನೋಡಿದಾಗೆಲ್ಲ ಕಾಯಿಲೆ ತಿರುಗಿ ಬಂದಿದೆ. ಪೂರ್ತಿ ವಾಸಿಯಾಗುತ್ತಾ ಅಂತ ನಾನು ಈಗ ಅವರನ್ನು ಕೇಳುವುದನ್ನು ಬಿಟ್ಟಿದ್ದೇನೆ.

ಒಂದೊಂದು ಸಂಜೆ, ನಮ್ಮ ಜಗುಲಿಯ ಮೇಲೆ ಕೂತಿರುವಾಗಲೇ, ಅವಳು "ಮನೆಗೆ ಓಗಾನ" ಅನ್ನುತ್ತಾಳೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. ನಾನು ಯಾವ ಮನೆ ಅಂತ ಕೇಳುವುದಿಲ್ಲ. "ಓಗಾನ ನಡಿ" ಅನ್ನುತ್ತೇನೆ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಬೆಳಕವಾಡಿಯ ರಸ್ತೆಯವರೆಗೆ ನಡೆದು ಹೋಗುತ್ತೇವೆ. ಅಲ್ಲಿ ಬಸ್ಸುಗಳು ಎರಡೂ ಕಡೆಗೆ ಹೋಗುತ್ತಿರುತ್ತವೆ. ಅವಳು ಒಂದನ್ನೂ ಕೈ ಅಡ್ಡ ಹಿಡಿದು ನಿಲ್ಲಿಸುವುದಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಕತ್ತಲಾಗುವ ಮುಂಚೆ, ಬಂದ ದಾರಿಯಲ್ಲೇ ತಿರುಗಿ ಬರುತ್ತೇವೆ.